ಹಾಲಮ್ಮನ ಮಗಳ ಮಾತ್ರೆ

ನ್ಯಾಮತಿ, ಜುಲೈ ೮, ಮಂಗಳವಾರ

ನಿದ್ದೆ ಹತ್ತುತ್ತಿಲ್ಲ. ಯಾವ ಔಷಧಿ ಎಷ್ಟು ತರಿಸಬೇಕೆಂದು ಕೇಳಲು ಇವರು ನಿನ್ನೆ ನಮ್ಮ ಮೆಡಿಕಲ್ ಶಾಪಿನ ಬಿಲ್ಲುಗಳನ್ನೆಲ್ಲ ಮೊಬೈಲಿನ ಎಐಗೆ ಕೊಟ್ಟರು. ಅದು ಚೆನ್ನಾಗಿಯೇ ಹೇಳಿತು. ಜೊತೆಗೆ, ತಿಂಗಳು ತಿಂಗಳು ಫಿಟ್ಸ್ ಮಾತ್ರೆ ಒಯ್ಯುವವರ ಹೆಸರು, ಊರನ್ನೂ ಬರೆದು ತೋರಿಸಿತು. ಮೊದಲ ಹೆಸರೇ ಗೋವಿನಕೋವಿಯ ಹಾಲಮ್ಮನ ಮಗಳದು.

"ಹೆಸರು ಯಾಕ್ರೀ ಕೊಟ್ರಿ?" ಎಂದೆ.

"ಮಷೀನು ಯಾರಿಗೆ ಹೇಳಾಕೆ ಹೋಗ್ತೈತೆ?" ಎಂದು ನಕ್ಕರು.

ಆ ಹುಡುಗಿಗೆ ಹೊನ್ನಾಳಿ ಕಡೆ ಗಂಡು ನೋಡುತ್ತಿದ್ದಾರೆ. ಊರವರಿಗೆ ತಿಳಿಯಬಾರದೆಂದೇ ಹಾಲಮ್ಮ ಬಸ್ಸು ಹತ್ತಿ ನಮ್ಮಲ್ಲಿಗೆ ಬರುವುದು. ಇವತ್ತು ಸಂಜೆ ಬಂದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ.

"ಅಳಿಸಾಕೆ ಬರಲ್ವೇನವ್ವಾ?"

"ಅಳಿಸೀನಮ್ಮ. ಪೂರ್ತಿ ಹೋಗೈತೋ ಇಲ್ವೋ, ನಂಗೂ ಗೊತ್ತಿಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾತ್ರೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಇನ್ಮ್ಯಾಲೆ ದಾವಣಗೆರೆಗೇ ಹೋಗ್ತೀನಿ ಬಿಡ್ರಿ" ಎಂದು ಹೊರಟುಹೋದಳು.

ಕೂಲಿ ಬಿಟ್ಟು ಅಷ್ಟು ದೂರ ಪ್ರತಿ ತಿಂಗಳು ಹೋಗುತ್ತಾಳೆಯೇ? ಮಾತ್ರೆ ತಪ್ಪಿದರೆ ಆ ಹುಡುಗಿ ಎಲ್ಲಿ ಬೀಳುತ್ತಾಳೋ, ಒಲೆಯ ಮುಂದೋ, ರಸ್ತೆಯಲ್ಲೋ. ನಾನೇ ಅವರ ಮನೆಗೆ ಒಯ್ದು ಕೊಡೋಣವೆಂದರೆ, ಮೆಡಿಕಲ್ ಶಾಪಿನವಳು ಯಾಕೆ ಬಂದಳೆಂದು ಊರು ಕೇಳದೆ ಬಿಡುತ್ತದೆಯೇ? ಬೇರೆ ಯಾರ ಕೈಯಲ್ಲಾದರೂ ಕಳಿಸಿದರೆ, ಅವರಿಗೂ ಗುಟ್ಟು ತಿಳಿದುಹೋಗುತ್ತದೆ.