ಹೆರಿಗೆಗೆ ಬಿಚ್ಚಿದ ಗಂಟು

ಅಜ್ಜೀ,

ಪ್ರದರ್ಶನಕ್ಕೆ ತಾಷ್ಕೆಂಟಿಗೆ ಹೊರಟೆ. ನಿನ್ನನ್ನ ಎಬ್ಬಿಸಿದರೆ ನಿನ್ನೆಯ ಜಗಳ ಮತ್ತೆ ಶುರುವಾಗುತ್ತೆ, ಅದಕ್ಕೇ ಈ ಚೀಟಿ.

ತಂಗಿಗೆ ಹೆರಿಗೆ ಸಲೀಸಾಗಲಿ ಅಂತ ನೀನು ಮನೇಲಿದ್ದ ಗಂಟೆಲ್ಲ ಬಿಚ್ಚಿದೆ, ಸರಿ. ದಾಳಿಂಬೆ ಸಿಪ್ಪೆಯ ಬಣ್ಣದಲ್ಲಿ ನೆನೆಯುತ್ತಿದ್ದ ನನ್ನ ರೇಷ್ಮೆಗೆ ಹೂ ಮೂಡಲಿ ಅಂತ ಬಿಗಿದಿದ್ದ ಗಂಟು ನಿನಗೇನು ಮಾಡಿತ್ತು? ಹೂವಾಗಬೇಕಿದ್ದದ್ದೆಲ್ಲ ಕದಡಿ ಮೋಡವಾಯಿತು. ಇಷ್ಟಾಗಿ ಡಾಕ್ಟರು ಹೊಟ್ಟೆ ಕೊಯ್ದೇ ಮಗು ತೆಗೆದರು! ಇಬ್ಬರೂ ಚೆನ್ನಾಗಿದ್ದಾರೆ, ಆ ಮಾತು ಬೇರೆ.

ಅಳುತ್ತಲೇ ಆ ಕದಡಿದ ರೇಷ್ಮೆಯ ಫೋಟೋನ ಪ್ರದರ್ಶನದವರಿಗೆ ಕಳಿಸಿದೆ. ಅವರಿಗೆ ಬಾಗಿಲ ಎದುರಿನ ಗೋಡೆಗೆ ಅದೇ ಬೇಕಂತೆ. ಕಲಾವಿದರ ಹೆಸರಿನ ಜಾಗದಲ್ಲಿ ನಿನ್ನದನ್ನೂ ಹಾಕಿಸ್ತಿದ್ದೀನಿ. ಹಿಗ್ಗಬೇಡ.

ಪುಲಾವ್ ಒಲೆ ಮೇಲಿದೆ, ಬಿಸಿ ಮಾಡ್ಕೊ.

ಉಳಿದ ಗಂಟುಗಳು ಬಾನಿಯಲ್ಲಿವೆ. ನಮ್ಮ ಮೇಕೆ ಇವತ್ತೇ ಈಯೋಕೆ ನಿಂತರೂ ಮುಟ್ಟಬೇಡ. ಕೈ ಸುಮ್ಮನಿರದಿದ್ದರೆ ನಿನ್ನ ಪೈಜಾಮದ ಲಾಡಿ ಬಿಚ್ಚಿಕೊಂಡು ಕೂತ್ಕೊ.

— ಮೊಹಿಗುಲ್