ಗುಡಾಣದ ಬೆಸುಗೆ

ಹರಿಹರ, ಕುಂಬಾರ ಓಣಿ
ತಾ. 12-2-1959, ಗುರುವಾರ

ನಮ್ಮ ಮನೆಯವರಿಗೆ ಕೊಟ್ರವ್ವ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಗಿರಣಿಯ ಹತ್ತಿ ಧೂಳಿಗೆ ಹಿಡಿದ ಕೆಮ್ಮು ಕಡಿಮೆಯಾಯಿತೇ? ಖಾನಾವಳಿಯವರು ರೊಟ್ಟಿ ಬಿಸಿಯಾಗಿ ಹಾಕುತ್ತಾರೋ, ಇಲ್ಲ ನಿನ್ನೆಯದನ್ನೇ ಮುಂದಿಡುತ್ತಾರೋ? ಇಲ್ಲಿ ನಾವು ಕ್ಷೇಮ. ನಿಮ್ಮ ಅವ್ವನ ಮೊಣಕಾಲು ನೋವು ಹಾಗೇ ಇದೆ. ಆದರೂ ದಾವಣಗೆರೆ ಕಡೆಯಿಂದ ಬರುವ ರೈಲು ಕೂಗಿದರೆ ಸಾಕು, ಬಾಗಿಲಿಗೆ ಬಂದು "ಗುಡ್ಡಪ್ಪ ಬಂದ್ನೇನ ನೋಡವ್ವ" ಅನ್ನುತ್ತಾರೆ. ನಾನು ನೋಡದವಳ ಹಾಗೆ ನಟಿಸುತ್ತಲೇ ನೋಡುತ್ತೇನೆ. ಎಲೆ ಅಡಿಕೆ ಅಗಿದು ಉಗುಳುವಷ್ಟರಲ್ಲಿ ಮುಗಿಯುವ ದಾರಿ. ಮೂರು ತಿಂಗಳಿಂದ ಅದನ್ನು ಕಾಶಿಯಷ್ಟು ದೂರ ಮಾಡಿಕೊಂಡು ಕೂತಿದ್ದೀರಿ.

ನಿಮ್ಮ ಕಾರ್ಡು ಹೋದ ವಾರ ಬಂತು. "ನನ್ನ ಕೈಯಾಗ ಹದ ಉಳಿದಿಲ್ಲ, ತಿಗರಿ ಪಾಲಯ್ಯಗ ಕೊಟ್ಬಿಡ್ರಿ" ಎಂದು ಎರಡೇ ಸಾಲು. ನಿಮ್ಮ ಚಿಕ್ಕಪ್ಪನ ಮಗ ಪಾಲಯ್ಯ ಸೋಮವಾರ ಬಂದು ಒಯ್ಯುತ್ತಾನಂತೆ. ಹಣತೆ, ಕುಡಿಕೆ ಬಿಟ್ಟು ಅವನಿಗೆ ಇನ್ನೇನು ಬರುತ್ತದೆ ಹೇಳಿ! ಸದ್ಯಕ್ಕೆ ತಿಗರಿಯ ಚಕ್ರದ ಮೇಲೆ ಕೋಳಿ ಕೂರುತ್ತದೆ, ದಿನಾ ಓಡಿಸುತ್ತೇನೆ. ಹೆಣ್ಣು ತಿಗರಿ ಮುಟ್ಟಬಾರದು ಅನ್ನುತ್ತೀರಲ್ಲ, ಆ ಕೋಳಿಯೂ ಹೆಣ್ಣೇ ಅಲ್ಲವೇ?

ನನಗೆ ನೆನಪಾಗುವುದೆಲ್ಲ ಕಾಳು ತುಂಬುವ ದೊಡ್ಡ ಗುಡಾಣ ಮಾಡುವ ದಿನಗಳು. ತಳದ ಅರ್ಧ ಒಂದು ದಿನ, ಮೇಲಿನ ಅರ್ಧ ಮರುದಿನ. ತಳ ಭಾರ ಹೊರುವಷ್ಟು ಬಿರುಸಾಗಬೇಕು, ಅಂಚು ಮಾತ್ರ ಹಸಿಯಾಗಿಯೇ ಇರಬೇಕು. ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಕಾಯುವುದು ನನ್ನ ಪಾಲಿನ ಕೆಲಸ. ಎರಡನ್ನೂ ಕೂಡಿಸಿದ ಮೇಲೆ ನೀವು ಹೊರಗಿನಿಂದ ಹಲಗೆಯಲ್ಲಿ ಬಡಿಯುತ್ತಿದ್ದಿರಿ, ನಾನು ಅದರ ಬಾಯೊಳಗೆ ತಲೆ, ತೋಳು ತೂರಿಸಿ ಒಳಗಿನಿಂದ ಗುಂಡುಕಲ್ಲು ಒತ್ತಿ ಹಿಡಿಯುತ್ತಿದ್ದೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಆದರೂ ನಿಮ್ಮ ಪೆಟ್ಟು ಎಲ್ಲಿ ಬೀಳುತ್ತದೆಂದು ನನ್ನ ಕೈಗೆ ಮೊದಲೇ ಗೊತ್ತಾಗುತ್ತಿತ್ತು. "ಒಳಗ ಯಾರದೀರಿ?" ಎಂದು ನೀವು ಕೇಳಿದರೆ, "ಯಾರೂ ಇಲ್ರಿ, ತವರಿಗೆ ಹೋಗ್ಯಾರ" ಅನ್ನುತ್ತಿದ್ದೆ. ಈಗ ಮನೆಯಲ್ಲಿ ಹಲಗೆಯ ಸದ್ದಿಲ್ಲ. ನೀವಿಲ್ಲದೆ ನನಗೆ ಹೊತ್ತೇ ಹೋಗುವುದಿಲ್ಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮಲೆಬೆನ್ನೂರಿನ ಕಲ್ಲಪ್ಪನವರು ಬೀಜದ ಭತ್ತ ತುಂಬಲು ಹೇಳಿ ಮಾಡಿಸಿದ ಗುಡಾಣ ಆವಿಗೆಯಲ್ಲಿ ಸುಡುವಾಗ ಬೆಸುಗೆಯ ಗೆರೆಗುಂಟ ಬಿಟ್ಟುಕೊಂಡಿತಲ್ಲ, ಆ ದಿನವನ್ನು ಮರೆಯಬೇಕೆಂದರೂ ಆಗುತ್ತಿಲ್ಲ. ಅವರು ಗಾಡಿ ಕಟ್ಟಿಕೊಂಡು ಬಂದಿದ್ದರು. "ಕೈ ತಪ್ಪೈತೆ ಬಿಡಪ್ಪ, ವಯಸ್ಸಾತು" ಅಂದರು. ನಲವತ್ತಕ್ಕೆ ಯಾವ ವಯಸ್ಸು? ನೀವು ನಿಮ್ಮ ಎರಡೂ ಕೈಗಳನ್ನು ನೋಡಿಕೊಂಡಿರಿ. ಮೂರನೆಯ ದಿನ ರೈಲು ಹತ್ತಿದಿರಿ.

ಅವ್ವ ನಿಮ್ಮನ್ನು ಹರಸಿ, ಹೊಟ್ಟೆ ತುಂಬ ಉಣ್ಣಲು ಹೇಳಿದ್ದಾರೆ. ಗಂಟಲಿಗೆ ಬಿಸಿನೀರು ಕುಡಿಯಿರಿ.

ನಿಮ್ಮ ದಾರಿ ನೋಡುತ್ತಿರುವ,
ಕೊಟ್ರವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ತಪ್ಪಿದ್ದು ನಿಮ್ಮ ಕೈಯಲ್ಲ. ಕಲ್ಲಪ್ಪನವರ ಗುಡಾಣದ ತಳ ಆರುತ್ತಿದ್ದಾಗ ನೀವು ಕಟ್ಟಿಗೆ ತರಲು ಹೋಗಿದ್ದಿರಿ, ಬಳೆಗಾರ ಜಮಾಲುದ್ದೀನ್ ಸಾಬರು ಓಣಿಗೆ ಬಂದಿದ್ದರು. ಬಳೆ ಇಡಿಸಿಕೊಳ್ಳುತ್ತ ಮಾತಿಗೆ ಕೂತು ಬಟ್ಟೆ ನೆನೆಸುವುದನ್ನೇ ಮರೆತೆ. ಬಂದು ನೋಡಿದರೆ ಅಂಚು ಬೆಳ್ಳಗೆ ಒಣಗಿತ್ತು. ಹೆದರಿ ನೀರು ಚಿಮುಕಿಸಿ ಬಟ್ಟೆ ಸುತ್ತಿಟ್ಟೆ. ಮೇಲೆ ಹಸಿ, ಒಳಗೆ ಒಣ. ಅದರ ಮೇಲೆ ನೀವು ಬೆಸೆದಿರಿ. ಅವತ್ತೇ ಸಂಜೆ "ಹಸಿರು ಬಳೆ ಚಂದ ಅದಾವ" ಅಂದಿರಲ್ಲ, ಆಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಗುಡಾಣ ಒಡೆಯಿತು, ಈ ಬಳೆಗಳಲ್ಲಿ ಒಂದೂ ಒಡೆದಿಲ್ಲ. ತಿಗರಿ ಕೊಡಬೇಡಿ. ಮಣ್ಣು ತುಳಿದು ಹದ ಮಾಡಿ ಒದ್ದೆ ಗೋಣಿ ಮುಚ್ಚಿಟ್ಟಿದ್ದೇನೆ, ದಿನಕ್ಕೆ ನಾಲ್ಕು ಸಲ ನೀರು ಹಾಕುತ್ತೇನೆ. ಭಾನುವಾರ ನಿಮಗೆ ರಜೆ. ನನ್ನನ್ನು ಬೈಯುವುದಕ್ಕಾದರೂ ಬನ್ನಿ.