ಏರಿನ ನಡುವೆ ‘ನಿಲ್ಲಿ’ ಎಂದು ಬರೆಸಿದವರಿಗೆ

ಪಟ್ಟಣದ ರಸ್ತೆ ಮತ್ತು ಹಿಮ ತೆರವು ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಚಿಕಿತ್ಸಾಲಯಕ್ಕೆ ಹೋಗುವ ಏರಿನ ನಟ್ಟನಡುವೆ ಕಳೆದ ಅಕ್ಟೋಬರಿನಲ್ಲಿ ತಾವು ನೆಡಿಸಿದ ‘ನಿಲ್ಲಿ’ ಎಂಬ ಕೆಂಪು ಫಲಕವನ್ನು ದಯವಿಟ್ಟು ಕೀಳಿಸಿ. ಡಿಸೆಂಬರಿನಲ್ಲಿ ತಮ್ಮದೇ ವಿಭಾಗ ‘ಹಿಮದಲ್ಲಿ ಸುರಕ್ಷಿತ ಚಾಲನೆ’ ಎಂಬ ಕರಪತ್ರ ಅಚ್ಚು ಹಾಕಿಸಿತು. ಅದರ ಮೊದಲ ಸಾಲು, ‘ಏರಿನಲ್ಲಿ ಯಾವ ಕಾರಣಕ್ಕೂ ಗಾಡಿ ನಿಲ್ಲಿಸಬೇಡಿ.’ ಫಲಕ ಬರೆಸಿದವರಿಗೂ ಕರಪತ್ರ ಬರೆಸಿದವರಿಗೂ ಪರಿಚಯವಿಲ್ಲವೇ? ಒಂದೇ ಮಹಡಿಯಲ್ಲಿ ಕೂರುತ್ತೀರಿ, ಚಹಾ ಕುಡಿಯುವಾಗಲಾದರೂ ಮಾತಾಡಿಕೊಳ್ಳಬಹುದಿತ್ತು. ಪಕ್ಕದ ಓಣಿಯಿಂದ ಬರುವ ಗಾಡಿಗಳಿಗೆ ದಾರಿ ಬಿಡಲೆಂದು ಆ ಫಲಕವಂತೆ. ಆ ಓಣಿಯಿಂದ ದಿನಕ್ಕೆ ನಾಲ್ಕು ಗಾಡಿ ಬಂದರೆ ಹೆಚ್ಚು. ಅದೂ ಸಪಾಟಾದ ಓಣಿ. ಅಲ್ಲಿ ನಿಲ್ಲುವುದು ಯಾರಿಗೂ ಕಷ್ಟವಲ್ಲ.

ನಾನು ವೃದ್ಧರ ಹಗಲು ಆರೈಕೆ ಕೇಂದ್ರದ ಚಾಲಕಿ. ಈ ಹೊಕ್ಕೈಡೊ ಹಿಮದಲ್ಲಿ ಇಪ್ಪತ್ತೊಂದು ಚಳಿಗಾಲ ಗಾಡಿ ಓಡಿಸಿದ್ದೇನೆ. ಆದರೆ ಬ್ಯಾಟರಿ, ಪೆಟ್ರೋಲ್ ಎರಡರಲ್ಲೂ ಓಡುವ ಹೈಬ್ರಿಡ್ ಕಾರು ಕೇಂದ್ರಕ್ಕೆ ಬಂದದ್ದು ಈ ವರ್ಷ. ಜನವರಿಯ ಎರಡನೇ ಮಂಗಳವಾರ, ಬೆಳಗಿನ ಹತ್ತು ಗಂಟೆಗೆ, ಕಿನು ಅಜ್ಜಿಯನ್ನು ಚಿಕಿತ್ಸಾಲಯಕ್ಕೆ ಕರೆದೊಯ್ಯುತ್ತಿದ್ದೆ. ಎಂಬತ್ತಾರರ ಅಜ್ಜಿ ಒಂದು ಕಾಲದಲ್ಲಿ ಇದೇ ಏರಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಹಿಮಗಾಳಿ ಬೀಸುತ್ತಿತ್ತು. ತಮ್ಮ ಫಲಕ ಕಂಡಿತು. ನಾನು ಕಾನೂನು ಪಾಲಿಸುವವಳು, ನಿಲ್ಲಿಸಿದೆ.

“ಯಾಕೆ ನಿಲ್ಸಿದೆ ತೊಮೊಎ? ಯಾರಾದ್ರೂ ಹತ್ತೋರಿದಾರಾ?” ಎಂದರು ಅಜ್ಜಿ.

“ಬೋರ್ಡಿದೆ ಅಜ್ಜಿ.”

“ಅದಕ್ಕೇನು, ಅದು ಟಿಕೆಟ್ ತಗೊಳುತ್ತಾ?”

ಮತ್ತೆ ಹೊರಡಲು ಹೋದರೆ ಕಾರು ಹೊರಡಲಿಲ್ಲ. ಚಕ್ರ ಜಾರಿತೆಂದು ಕಂಡೊಡನೆ ಈ ಕಾರು ತಾನೇ ಚಕ್ರದ ಬಲ ತಗ್ಗಿಸಿಬಿಡುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮೌನವ್ರತ. ಹಿಂದೆಯೇ ಬಂದ ಬಿಳಿ ಕಾರೂ ಫಲಕಕ್ಕೆ ಗೌರವ ಕೊಟ್ಟು ನಿಂತಿತು, ನಿಂತಲ್ಲೇ ಉಳಿಯಿತು. ಅದು ತಮ್ಮ ಕಚೇರಿಯದು, ನಮ್ಮದರಂಥದೇ ಹೈಬ್ರಿಡ್. ಒಳಗಿದ್ದವರು ತಮ್ಮ ಗುಮಾಸ್ತರಾದ ಮೊಗಾಮಿಯವರು. ನಲವತ್ತೈದರ ಸಾಧು ಮನುಷ್ಯ. ನಮ್ಮ ಹಿರಿಯರಿಗೆ ಹಂಚಲು ಒಂದು ರಟ್ಟಿನ ಪೆಟ್ಟಿಗೆ ತುಂಬ ಅದೇ ಕರಪತ್ರ ತರುತ್ತಿದ್ದರು.

ಅವರು ಇಳಿದು ಬಂದು ಕಿಟಕಿ ತಟ್ಟಿದರು. “ಹಿಮ ತೆಗೆಯೋ ಗಾಡಿಗೆ ಫೋನ್ ಮಾಡಿದೀನಿ, ಅರ್ಧ ಗಂಟೇಲಿ ಬರುತ್ತಂತೆ. ಸಿಕ್ಕಿಕೊಂಡಾಗ ಎಂಜಿನ್ ಆರಿಸ್ಬೇಕು ಅಂತ ಕರಪತ್ರದಲ್ಲಿದೆ. ಆರಿಸಿದೀರಾ?”

“ಸದ್ದೇ ಇಲ್ವಲ್ಲ ಸರ್, ಆರಿದೆ.”

ಅವರು ತಲೆಯಾಡಿಸಿ ತಮ್ಮ ಕಾರಿಗೆ ಹೋಗಿ ಕೂತರು. ನಾವು ಬೆಚ್ಚಗೆ ಹೀಟರ್ ಹಾಕಿಕೊಂಡು ಕಾದೆವು. ಅಜ್ಜಿ ಚೀಲದಿಂದ ಅನ್ನದ ಉಂಡೆ ತೆಗೆದು ಅರ್ಧ ನನಗೆ ಕೊಟ್ಟರು. ಇಪ್ಪತ್ತು ನಿಮಿಷವಾಗಿರಬೇಕು, ತಮ್ಮ ಪಾಲಿನ ಅರ್ಧವನ್ನು ತಿನ್ನದೆ ಮಡಿಲಲ್ಲಿಟ್ಟುಕೊಂಡರು.

“ತಲೆ ಸಿಡೀತಿದೆ ಕಣೆ. ನಿದ್ದೆನೂ ಬರ್ತಿದೆ.”

ನನ್ನ ತಲೆಯೂ ಭಾರವಾಗಿತ್ತು. ಆಗ ಸ್ಟೀರಿಂಗಿನ ಹಿಂದೆ, ಗಾಡಿ ಚಾಲೂ ಇದೆ ಎನ್ನುವ ಹಸಿರು ದೀಪ ಉರಿಯುತ್ತಿದ್ದುದು ಕಂಡಿತು. ಗಾಡಿ ಆರಿಯೇ ಇರಲಿಲ್ಲ. ಹೀಟರಿಗೆ ಬಿಸಿ ಬೇಕಾದಾಗಲೆಲ್ಲ ಎಂಜಿನ್ ತಾನಾಗಿ ಹೊತ್ತಿಕೊಂಡು ತಾನಾಗಿ ಸುಮ್ಮನಾಗುತ್ತಿತ್ತು, ಗಾಳಿಯ ಆರ್ಭಟದಲ್ಲಿ ನನಗೆ ಕೇಳಿಸಿರಲಿಲ್ಲ. ಹಿಂದೆ ಹೊಗೆ ಕೊಳವೆ ಹಿಮದಲ್ಲಿ ಮುಚ್ಚಿಹೋಗಿ, ವಿಷದ ಹೊಗೆ ಕಾರಿನೊಳಗೆ ಬರುತ್ತಿತ್ತು. ಗುಂಡಿ ಒತ್ತಿ ನಿಜವಾಗಿ ಆರಿಸಿದೆ, ನಾಲ್ಕೂ ಬಾಗಿಲು ತೆರೆದೆ, ಅಜ್ಜಿಯನ್ನು ತಬ್ಬಿ ಹೊರಗೆ ನಿಲ್ಲಿಸಿದೆ. ಆಮೇಲೆ ನೆನಪಾಯಿತು, ಹಿಂದಿನ ಕಾರು. ಅದರ ಕೊಳವೆಯೂ ಹೂತಿತ್ತು. ಮೊಗಾಮಿಯವರು ಸ್ಟೀರಿಂಗಿಗೆ ತಲೆಯಾನಿಸಿದ್ದರು. ಬಾಗಿಲು ತೆಗೆದು ಭುಜ ಅಲುಗಿಸಿದೆ.

“ಎಂಜಿನ್ ಆರಿಸಿದೀರಾ ಸರ್?”

“ಸದ್ದೇ ಇಲ್ವಲ್ಲ,” ಎಂದು ತೊದಲಿ, ಕೆಳಗಿಳಿದು ವಾಂತಿ ಮಾಡಿಕೊಂಡರು.

ಅವರ ಕಾರನ್ನೂ ಆರಿಸಿ, ಕೈಸಲಿಕೆಯಿಂದ ಎರಡೂ ಕೊಳವೆ ಬಿಡಿಸಿದೆ. ಅಜ್ಜಿ ಹಲ್ಲು ಕಟಕಟಿಸುತ್ತಲೇ ಅಪ್ಪಣೆ ಕೊಡತೊಡಗಿದರು. “ಚಕ್ರದ ಕೆಳಗೆ ಏನಾದ್ರೂ ಹಾಕ್ರೋ. ನಾವು ಗೋಣಿ ಹಾಕ್ತಿದ್ವಿ.” ಗೋಣಿ ಇರಲಿಲ್ಲ, ಹಿಮ ತೆಗೆಯುವ ಗಾಡಿಯ ಸುಳಿವೂ ಇರಲಿಲ್ಲ. ಮೊಗಾಮಿಯವರು ತಮ್ಮ ಕಾರಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಪೆಟ್ಟಿಗೆ ಹರಿದು ರಟ್ಟನ್ನೂ ಇನ್ನೂರು ಕರಪತ್ರಗಳನ್ನೂ ನಮ್ಮ ಕಾರಿನ ಮುಂದಿನ ಚಕ್ರಗಳಿಗೆ ಹಾಸಿದರು. ಚಕ್ರದ ಬಲ ತಗ್ಗಿಸುವ ಆ ವ್ಯವಸ್ಥೆಗೊಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿ, ಕಾಲು ಹಗುರ ಮಾಡಿ ಒತ್ತಿದೆ. ಮೂವರನ್ನೂ ಹೊತ್ತ ಕಾರು ತಮ್ಮ ಸಲಹೆಗಳ ಮೇಲೆ ಹತ್ತಿ ಹೋಯಿತು. ಅವು ಒಬ್ಬ ಚಾಲಕಿಗೆ ಇಷ್ಟು ಉಪಯೋಗಕ್ಕೆ ಬಂದದ್ದನ್ನು ತಮ್ಮ ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.

ಚಿಕಿತ್ಸಾಲಯದಲ್ಲಿ ಮೂವರಿಗೂ ಮಧ್ಯಾಹ್ನದವರೆಗೆ ಆಮ್ಲಜನಕ ಕೊಟ್ಟರು. ಇನ್ನು ಹದಿನೈದು ನಿಮಿಷ ಕಳೆದಿದ್ದರೆ ಅಜ್ಜಿ ಉಳಿಯುತ್ತಿರಲಿಲ್ಲವೆಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಹಸಿರು ದೀಪ ನೋಡದೆ ಕೂತದ್ದು ನನ್ನ ತಪ್ಪು, ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಪಟ್ಟಣದ ಅರ್ಧ ಕಾರುಗಳು ಸದ್ದಿಲ್ಲದವಾಗಿರುವಾಗ, ‘ಎಂಜಿನ್ ಆರಿಸಿ’ ಎಂದಷ್ಟೇ ಬರೆದರೆ ಸಾಕೇ? ‘ಕಿವಿಯನ್ನು ನಂಬಬೇಡಿ, ದೀಪ ನೋಡಿ, ಕೊಳವೆ ಬಿಡಿಸಿ’ ಎಂಬ ಒಂದು ಸಾಲಿಗೆ ಕರಪತ್ರದಲ್ಲಿ ಜಾಗವಿರಲಿಲ್ಲವೇ? ಕೊನೆಯ ಪುಟದಲ್ಲಿ ನಗುವ ಹಿಮದ ಗೊಂಬೆಯ ಚಿತ್ರವಿದೆ. ಅದು ಸ್ವಲ್ಪ ಸರಿದು ಕೂರಬಹುದು.

ಆದ್ದರಿಂದ ನನ್ನ ಬೇಡಿಕೆ ಎರಡು. ಆ ಸಾಲನ್ನು ಸೇರಿಸಿ. ಫಲಕವನ್ನು ಓಣಿಯ ಬಾಯಿಗೆ ಸಾಗಿಸಿ.

ಇನ್ನೊಂದು ವಿಷಯ ತಮಗೆ ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತೇನೆ. ಈಗ ಹಿಮ ಬಿದ್ದ ದಿನವೆಲ್ಲ ಮೊಗಾಮಿಯವರು ಕಚೇರಿಗೆ ಬರುವ ಮೊದಲು ಒಂದು ಗಂಟೆ ಆ ಓಣಿಯ ಬಾಯಲ್ಲಿ ನಿಂತು, ಅಲ್ಲಿಂದ ಬರುವ ಗಾಡಿಗಳನ್ನು ಕೈ ಅಡ್ಡ ಹಿಡಿದು ತಡೆದು, ಏರು ಹತ್ತುವವರನ್ನು ನಿಲ್ಲಗೊಡದೆ ಸಾಗಿಸುತ್ತಿದ್ದಾರೆ. ಹೀಗೆ ಮಾಡಲು ಅವರ ಬಳಿ ತಮ್ಮ ಲಿಖಿತ ಆದೇಶವಿಲ್ಲ. ದಯವಿಟ್ಟು ಅವರಿಂದ ವಿವರಣೆ ಕೇಳಬೇಡಿ. ಫಲಕ ಜಾಗ ಬದಲಿಸಿದ ದಿನ ಅವರು ತಾವಾಗಿಯೇ ಅಲ್ಲಿ ನಿಲ್ಲುವುದನ್ನು ಬಿಟ್ಟು ನೇರ ಕಚೇರಿಗೆ ಬಂದು ಕೂರುತ್ತಾರೆ.

ಇಂತಿ,
ನಿಲ್ಲೆಂದರೆ ನಿಂತುಬಿಡುವ ತಮ್ಮ ನಾಗರಿಕಳು,
ಹಟಾನಾಕ ತೊಮೊಎ